ಎರೆಯ ಬಾಯಿಗೆ ಪ್ಲಾಸ್ಟಿಕ್ ಗರಿಕೆ

ಸುರಪುರ ತಾಲ್ಲೂಕಿನ ಕೆಂಭಾವಿಯ ಸುತ್ತಲ ಎರೆಭೂಮಿ ಬೇಸಿಗೆಯ ಕೊನೆಗೆ ಬಾಯ್ದೆರೆಯುತ್ತದೆ. ಆಳವಾದ ಎರೆಯಲ್ಲಿ ಬಿರುಕುಗಳು ಒಂದು ಮೀಟರಿಗೂ ಕೆಳಗೆ ಇಳಿಯುವುದುಂಟು. ಮಲೆನಾಡಿನಿಂದ ಹೋದವರ ಕಣ್ಣಿಗೆ ಅದು ಸತ್ತ ನೆಲ. ಅಲ್ಲಿನ ರೈತನಿಗೆ ಅದು ಮಳೆಗಾಗಿ ಕಾದು ತೆರೆದ ಬಾಯಿ. ಮುಂಗಾರಿನ ಮೊದಲ ಹನಿಗಳು ಮೇಲ್ಮೈಯಲ್ಲಿ ಹರಿದು ಪೋಲಾಗದೆ ಆ ಬಿರುಕುಗಳ ಮೂಲಕ ನೆಲದ ಹೊಟ್ಟೆ ಸೇರುತ್ತವೆ. ತೇವ ಕುಡಿದ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಹಾಗೆ ಕೂಡಿಟ್ಟ ನೀರೇ ಮುಂದೆ ಹಿಂಗಾರಿ ಜೋಳವನ್ನೂ ಕಡಲೆಯನ್ನೂ ಕುಸುಬೆಯನ್ನೂ ಹೆಚ್ಚಿನ ಮಳೆಯ ಹಂಗಿಲ್ಲದೆ ದಡ ಮುಟ್ಟಿಸುತ್ತದೆ. ಎರೆಸೀಮೆಯ ಕೃಷಿಯೆಲ್ಲ ಈ ತೆರೆದು ಮುಚ್ಚುವ ಉಸಿರಾಟದ ಮೇಲೆ ನಿಂತಿದೆ.

ಇಂಥ ನೆಲಕ್ಕೆ ಹೊಸದೊಂದು ಹೊದಿಕೆ ಹತ್ತಿರವಾಗುತ್ತಿದೆ. ಕೃತಕ ಹುಲ್ಲು ಎಂಬ ಹೆಸರಿನ ಪ್ಲಾಸ್ಟಿಕ್ ಚಾಪೆ ಮೊದಲು ಮಹಾನಗರಗಳ ಆಟದ ಅಂಕಣಗಳಲ್ಲಿ ಕಾಣಿಸಿಕೊಂಡಿತು. ಬಳಿಕ ಹೋಟೆಲುಗಳ ಮುಂಭಾಗ, ಮದುವೆ ಮಂಟಪಗಳ ಆವರಣ, ಶಾಲೆಗಳ ಆಟದ ಮೂಲೆ, ಕೊನೆಗೆ ಮನೆಯಂಗಳ. ಈ ಸರಕಿಗೆ ಮುಂದಿನ ಮಾರುಕಟ್ಟೆ ಹಳ್ಳಿಯ ಮೈಯಿಂದ ಪಟ್ಟಣದ ಮೈಗೆ ಹೊರಳುತ್ತಿರುವ ಕೆಂಭಾವಿಯಂಥ ಊರುಗಳೇ. ಮಾರುವವರ ಮಾತು ನಾಲ್ಕೇ: ಕೆಸರಿಲ್ಲ, ನೀರುಣಿಸಬೇಕಿಲ್ಲ, ಕತ್ತರಿಸಬೇಕಿಲ್ಲ, ಚಾಪೆಯ ಅಡಿಯಲ್ಲಿ ತೂತುಗಳಿರುವುದರಿಂದ ಮಳೆಯ ನೀರು ತಾನಾಗಿ ಇಂಗಿಹೋಗುತ್ತದೆ. ಈ ನಾಲ್ಕನೆಯ ಮಾತು ಎರೆಸೀಮೆಯಲ್ಲಿ ಸುಳ್ಳು. ಉಳಿದ ಮೂರೂ ಆ ಒಂದು ಸುಳ್ಳಿಗೆ ಒರಗಿ ನಿಂತಿವೆ.

ಮಣ್ಣಿನ ಲೆಕ್ಕ

ಚಾಪೆಯ ತೂತು ನೀರನ್ನು ಕೆಳಗೆ ಬಿಡುತ್ತದೆ ಎಂಬುದು ನಿಜ. ಕೆಳಗಿರುವ ಮಣ್ಣು ಅದನ್ನು ಒಪ್ಪಿಕೊಳ್ಳುವುದೇ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಎರೆಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜ ಹೇರಳವಾಗಿದೆ. ಅದರ ಪದರಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ, ನೀರು ಹೋದಾಗ ಕುಗ್ಗುತ್ತದೆ. ಹೈದರಾಬಾದಿನ ಸಮೀಪ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲಿ ಇಂಥದೇ ಕಪ್ಪು ಮಣ್ಣಿನ ಮೇಲೆ ನೀರು ಇಂಗುವ ವೇಗವನ್ನು ಅಳೆದರು. ಬಿರುಕುಬಿಟ್ಟ ಒಣ ಎರೆ ಮೊದಲ ಅರ್ಧ ಗಂಟೆಯಲ್ಲಿ ಗಂಟೆಗೆ ಸುಮಾರು 75 ಮಿಲಿಮೀಟರ್ ವೇಗದಲ್ಲಿ ನೀರು ಕುಡಿಯಿತು. ಹಲವು ದಿನ ನೆನೆದ ಮೇಲೆ ಅದೇ ಮಣ್ಣಿನಲ್ಲಿ ಆ ವೇಗ ಗಂಟೆಗೆ ಸುಮಾರು 0.2 ಮಿಲಿಮೀಟರಿಗೆ ಇಳಿಯಿತು. ಅಂದರೆ ತುಂಬಿದ ಎರೆಯ ಮೇಲೆ 50 ಮಿಲಿಮೀಟರ್ ನೀರು ನಿಂತರೆ ಅದು ಇಂಗಿ ಮುಗಿಯಲು ಹತ್ತು ದಿನ ಬೇಕು.

ಈಗ ಚಾಪೆ ಹಾಸುವ ಬಗೆಯನ್ನು ನೋಡಬೇಕು. ಮೊದಲು ಮೇಲ್ಮಣ್ಣನ್ನು ನಾಲ್ಕಾರು ಇಂಚು ಅಗೆದು ತೆಗೆಯುತ್ತಾರೆ. ತಳವನ್ನು ಗುದ್ದಿ ಬಿಗಿಗೊಳಿಸುತ್ತಾರೆ. ಅದರ ಮೇಲೆ ಜಲ್ಲಿ, ಕಲ್ಲುಪುಡಿ, ಬಟ್ಟೆಯಂಥ ಹೊದಿಕೆ, ಕೊನೆಗೆ ಚಾಪೆ. ಮರಳುಮಣ್ಣಿನಲ್ಲಿ ಇದು ನಡೆದೀತು. ಎರೆಯಲ್ಲಿ ಹೀಗೆ ಮಾಡುವುದೆಂದರೆ ನೀರು ಬಿಡದ ಜೇಡಿಯ ಬಾಣಲೆಯೊಂದನ್ನು ಕಡೆದು, ಅದರೊಳಗೆ ಜಲ್ಲಿ ತುಂಬಿ, ಮೇಲೆ ಹಸಿರು ಮುಚ್ಚಳ ಹಾಕಿದಂತೆ. 30 ಅಡಿ ಅಗಲ, 40 ಅಡಿ ಉದ್ದದ ಅಂಗಳದ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ಬೀಳುವ ನೀರು ಸುಮಾರು 5,500 ಲೀಟರ್. ಅದರಲ್ಲಿ ದೊಡ್ಡ ಪಾಲು ಜಲ್ಲಿಯ ಸಂದುಗಳಲ್ಲಿ ಅಡಗಿ ಕುಳಿತಾಗ, ಮೇಲೆ ನಿಂತವನಿಗೆ ನೀರು ಇಂಗಿತೆಂಬ ಭ್ರಮೆ. ಎರಡನೆಯ ಮಳೆಗೆ ಬಾಣಲೆ ತುಂಬಿ ಹೊಸ್ತಿಲ ಕಡೆಗೆ ನಡೆಯುತ್ತದೆ.

ಬಯಲಂಗಳದ ಎರೆಯೂ ತುಂಬಿದ ಮೇಲೆ ಇಷ್ಟೇ ನಿಧಾನ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅಲ್ಲಿ ಬಿಸಿಲು, ಗಾಳಿ, ಹುಲ್ಲಿನ ಬೇರು ಮೂರೂ ಸೇರಿ ತೇವವನ್ನು ಮೇಲಕ್ಕೆಳೆಯುತ್ತವೆ. ಮಳೆ ಬಿಟ್ಟ ದಿನಗಳಲ್ಲಿ ಮಣ್ಣು ಮತ್ತೆ ಬಿರಿದು ಮುಂದಿನ ಮಳೆಗೆ ಅಣಿಯಾಗುತ್ತದೆ. ಚಾಪೆಯ ಕೆಳಗೆ ಬಿಸಿಲಿಲ್ಲ, ಗಾಳಿಯಿಲ್ಲ, ಬೇರಿಲ್ಲ. ನಡುವಿನ ಮಣ್ಣು ಉಬ್ಬಿಯೇ ಉಳಿಯುತ್ತದೆ, ಅಂಚಿನ ಮಣ್ಣು ಒಣಗಿ ಕುಗ್ಗುತ್ತದೆ. ಒಂದೆರಡು ವರ್ಷಗಳಲ್ಲಿ ಸಮತಟ್ಟಾಗಿದ್ದ ಹಸಿರಿಗೆ ಗೂನು ಬೀಳುತ್ತದೆ. ಎರೆಯ ಮೇಲೆ ಕಟ್ಟಿದ ಮನೆಗಳ ಗೋಡೆ ಸೀಳುವುದೂ ಇದೇ ಕಾರಣಕ್ಕೆ. ಅದನ್ನರಿತ ಉಪ್ಪಾರರು ಗಟ್ಟಿ ಗರಸು ಸಿಗುವವರೆಗೆ ಬುನಾದಿ ತೆಗೆಯದೆ ಕಲ್ಲು ಇಡುತ್ತಿರಲಿಲ್ಲ. ಗೋಡೆ ಕಟ್ಟುವವನಿಗೆ ಗೊತ್ತಿದ್ದ ಮಣ್ಣಿನ ಸ್ವಭಾವ ಚಾಪೆ ಹಾಸುವವನಿಗೆ ಗೊತ್ತಿಲ್ಲ. ಗೊತ್ತಿದ್ದರೂ ಅವನು ಹೇಳುವುದಿಲ್ಲ.

ಯಾರ ಹೊಸ್ತಿಲಿಗೆ ನೀರು?

ಅಗೆಯುವುದರ ತೊಂದರೆಯನ್ನು ಕಂಡವರು ಇನ್ನೊಂದು ದಾರಿ ಹಿಡಿಯುತ್ತಾರೆ: ಅಂಗಳವನ್ನು ಮಣ್ಣು, ಜಲ್ಲಿ ತುಂಬಿ ರಸ್ತೆಗಿಂತ ಎತ್ತರಿಸಿ ಅದರ ಮೇಲೆ ಚಾಪೆ ಹಾಸುವುದು. ಆ ಮನೆಯವರ ಕಷ್ಟ ಅಲ್ಲಿಗೆ ಮುಗಿಯಿತು. ನೀರಿನ ಪ್ರಯಾಣ ಅಲ್ಲಿಂದ ಮೊದಲಾಯಿತು. ಒಂದು ಓಣಿಯಲ್ಲಿ ಇಂಥ ಇಪ್ಪತ್ತು ಅಂಗಳಗಳಿದ್ದರೆ 50 ಮಿಲಿಮೀಟರಿನ ಒಂದೇ ಮಳೆಗೆ 1,10,000 ಲೀಟರ್ ನೀರು ಬೀಳುತ್ತದೆ; ಅದರ ಬಹುಪಾಲು ಹಿಂದೆ ಅಂಗಳದ ಬಿರುಕುಗಳಲ್ಲಿ ಕರಗುತ್ತಿದ್ದುದು ಈಗ ಬೀದಿಗೆ ಇಳಿಯುತ್ತದೆ. ಒಬ್ಬರ ಅಂಗಳ ಒಂದು ಗೇಣು ಮೇಲೆದ್ದರೆ ಇನ್ನೊಬ್ಬರ ಹೊಸ್ತಿಲು ಒಂದು ಗೇಣು ತಗ್ಗಿದಂತೆ.

ಆ ಇನ್ನೊಬ್ಬರು ಯಾರು ಎಂಬುದನ್ನು ಕೇಳಲು ಪರಿಸರದ ಮಾತಾಡುವವರು ಹಿಂಜರಿಯಬಾರದು. ಬಯಲುಸೀಮೆಯ ಬಹುತೇಕ ಊರುಗಳಲ್ಲಿ ಎತ್ತರದ ಜಾಗ ಉಳ್ಳವರದು. ಹಳ್ಳದ ಅಂಚಿನ ತಗ್ಗು ದಲಿತ ಕೇರಿಗೂ ಕೂಲಿಕಾರರ ಗುಡಿಸಲುಗಳಿಗೂ ಉಳಿದದ್ದು. ಮೇಲಿನ ಓಣಿಯ ಹಸಿರು ಅಂಗಳ ಬಿಟ್ಟುಕೊಟ್ಟ ನೀರು ಕೆಳಗಿನ ಕೇರಿಯ ಒಲೆ ಆರಿಸುತ್ತದೆ. ಶರಣ ಕೆಂಭಾವಿ ಭೋಗಣ್ಣನ ಊರಿದು. ಅಸ್ಪೃಶ್ಯನೆನಿಸಿದವನನ್ನು ಮನೆಯೊಳಗೆ ಕರೆದು ಸತ್ಕರಿಸಿದ ತಪ್ಪಿಗೆ ಭೋಗಣ್ಣನನ್ನು ಊರು ಬಿಡಿಸಿದಾಗ, ಊರಿನ ಲಿಂಗಗಳೆಲ್ಲ ಅವನ ಬೆನ್ನ ಹಿಂದೆ ಹೊರಟುಬಂದವೆಂದು ಶರಣರ ಕಥೆಗಳು ಹೇಳುತ್ತವೆ. ಆ ನೆನಪಿರುವ ಊರಿನಲ್ಲಿ ಮೇಲಿನವರ ಅಂಗಳದ ಅಂದಕ್ಕೆ ಕೆಳಗಿನವರು ರಾತ್ರಿಯಿಡೀ ನೀರು ಮೊಗೆಯುವಂತಾದರೆ, ಅದಕ್ಕೆ ಸೌಂದರ್ಯವೆಂಬ ಹೆಸರು ಸಲ್ಲದು.

ನೀರು ಬರುವ ದಾರಿಗಳು

ಕೆಂಭಾವಿ ಕೃಷ್ಣೆಯ ದಂಡೆಯ ಊರಲ್ಲ. ಆದ್ದರಿಂದ ನೆರೆಯ ಮಾತು ಅದಕ್ಕೇಕೆ ಎಂದು ಕೇಳುವವರಿದ್ದಾರೆ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳ ಮಳೆ ಇದಕ್ಕೆ ಉತ್ತರ ಕೊಟ್ಟಿತು. ಅಂದು ಉತ್ತರ ಕರ್ನಾಟಕದ ಊರೂರುಗಳಲ್ಲಿ ಮನೆಗಳನ್ನು ಕೆಡವಿದ್ದು ಹೊಳೆಯೊಂದೇ ಅಲ್ಲ, ನೆತ್ತಿಯ ಮೇಲೆ ಎಡೆಬಿಡದೆ ಸುರಿದ ಮಳೆಯೂ ಹೌದು. 2019ರ ಆಗಸ್ಟಿನಲ್ಲಿ ಬಸವಸಾಗರ ಜಲಾಶಯದಿಂದ ಹರಿಸಿದ ನೀರು ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿಯನ್ನು ಹೊರಜಗತ್ತಿನಿಂದ ಬೇರ್ಪಡಿಸಿತು. ಶಹಾಪುರ ತಾಲ್ಲೂಕಿನ ಕೊಳ್ಳೂರು ಸೇತುವೆಯನ್ನು ಮುಳುಗಿಸಿತು. 2020ರ ಅಕ್ಟೋಬರಿನಲ್ಲಿ ಭೀಮೆಯ ಸರದಿ. ಪಡುವಣದ ತಾಳಿಕೋಟೆಯ ಬಳಿ ಹರಿಯುವ ಡೋಣಿಯಂತೂ ಎರೆಮಣ್ಣಿನ ಹೊಳೆಯ ಸ್ವಭಾವಕ್ಕೇ ಉದಾಹರಣೆ: ಬೇಸಿಗೆಯಲ್ಲಿ ಸಣ್ಣ ಹಳ್ಳ, ಮಳೆಗೆ ಹೊಲಗಳ ಮೇಲೆ ಹರಡುವ ಕಡಲು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಗಾದೆ ಹುಟ್ಟಿದ್ದು ಆ ನೀರನ್ನು ನೆಲ ಉಣ್ಣಬಲ್ಲುದಾಗಿದ್ದರಿಂದ.

ಇದಲ್ಲದೆ ಈ ಸೀಮೆಗೆ ನೆಲದ ಕೆಳಗಿನಿಂದ ಬರುವ ನೀರೂ ಇದೆ. 1982ರಲ್ಲಿ ನಾರಾಯಣಪುರ ಅಣೆಕಟ್ಟು ಪೂರ್ಣಗೊಂಡು ಕಾಲುವೆಗಳು ಹರಿದ ಮೇಲೆ, ಸುರಪುರ–ಶಹಾಪುರದ ಬಹಳಷ್ಟು ಎರೆಹೊಲ ಜೋಳ ಬಿಟ್ಟು ಭತ್ತಕ್ಕೆ ಹೊರಳಿತು. ಬರದ ನಾಡಿಗೆ ಬಂದ ನೀರನ್ನು ಯಾರೂ ಹಳಿಯಬೇಕಿಲ್ಲ. ಆದರೆ ನೀರು ತರುವ ಕಾಲುವೆಗೆ ಸಿಕ್ಕ ಗಮನ ನೀರು ಬಸಿಯುವ ಗಟಾರಕ್ಕೆ ಸಿಗಲಿಲ್ಲ. ಅದರ ಫಲವಾದ ಸವಳು–ಜವಳು ಅಚ್ಚುಕಟ್ಟಿನ ರೈತರಿಗೆ ಬಲ್ಲ ಮಾತು. ಎರೆಸೀಮೆಯ ಹಿರಿಯರು ಕಾಳನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ ವರ್ಷಗಟ್ಟಲೆ ಕಾಯುತ್ತಿದ್ದರು; ತೇವ ಸುಳಿಯದ ಜಾಗ ಯಾವುದು, ಸುಳಿಯುವುದು ಯಾವುದು ಎಂಬ ಅರಿವಿಲ್ಲದೆ ಹಗೇವು ತೆಗೆಯಲಾಗದು. ಅಂಥ ಅರಿವಿದ್ದ ಸೀಮೆಗೆ ಇಂದು ಚಾಪೆಯ ತೂತನ್ನು ತೋರಿಸಿ ಬಸಿಗಾಲುವೆಯೆಂದು ನಂಬಿಸಲಾಗುತ್ತಿದೆ.

ನೆರೆನೀರು ಬಂದುಹೋದ ಮೇಲಿನ ಕಥೆ ಬೇರೆ. ಮಣ್ಣಿನ ಅಂಗಳದ ಮೇಲೆ ಉಳಿದ ರೊಜ್ಜು ಒಣಗಿ ಮಣ್ಣಿಗೆ ಮಣ್ಣಾಗುತ್ತದೆ. ಪ್ಲಾಸ್ಟಿಕ್ ಎಳೆಗಳ ಬುಡ ಸೇರಿದ ಎರೆಯ ನುಣುಪು ರೊಜ್ಜು, ಅದರೊಂದಿಗೆ ಬಂದ ಗಟಾರದ ಹೊಲಸು, ಸುಲಭವಾಗಿ ಬಿಡುವುದಿಲ್ಲ. ತೂತುಗಳು ಅದರಿಂದಲೇ ಕಟ್ಟಿಕೊಳ್ಳುತ್ತವೆ. ನೀರುಣಿಸಬೇಕಿಲ್ಲವೆಂದು ಕೊಂಡ ಹುಲ್ಲನ್ನು ತೊಳೆಯಲು ನೀರು ಹುಡುಕಬೇಕಾಗುತ್ತದೆ. ಅಂಚು ಕಿತ್ತ ಚಾಪೆ ಹಳ್ಳಕ್ಕೆ, ಹಳ್ಳದಿಂದ ಕೃಷ್ಣೆಗೆ.

ಬಿಸಿಲಿಲ್ಲದ ಸೂರಿನ ಸರಕು

ಈ ವಸ್ತುವಿನ ಹುಟ್ಟನ್ನು ನೆನೆದರೆ ವಿಚಿತ್ರವೆನಿಸುತ್ತದೆ. ಅಮೆರಿಕದ ಹ್ಯೂಸ್ಟನ್ ನಗರದ ಆಸ್ಟ್ರೋಡೋಮ್ ಕ್ರೀಡಾಂಗಣ ಮುಚ್ಚಿದ ಸೂರಿನದು. ಆಟಗಾರರ ಕಣ್ಣು ಕುಕ್ಕುತ್ತದೆಂದು ಸೂರಿನ ಗಾಜುಗಳಿಗೆ ಬಣ್ಣ ಬಳಿದಾಗ ಒಳಗಿನ ಹುಲ್ಲು ಸತ್ತಿತು. 1966ರಲ್ಲಿ ಅಲ್ಲಿ ಕೃತಕ ಹುಲ್ಲು ಹಾಸಿದರು. ಆಸ್ಟ್ರೋಟರ್ಫ್ ಎಂಬ ಹೆಸರು ಬಂದದ್ದು ಹಾಗೆ. ಬಿಸಿಲು ಬೀಳದ ಸೂರಿನಡಿ ಹೆಸರು ಮಾಡಿದ ಸರಕನ್ನು, ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಯಾದಗಿರಿಯ ಬಿಸಿಲಿಗೆ ಹಾಸಲಾಗುತ್ತದೆ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2002ರಲ್ಲಿ ತಮ್ಮ ಕೃತಕ ಹುಲ್ಲಿನ ಮೈದಾನದ ಬಿಸಿಯನ್ನು ಅಳೆದರು. ಗಾಳಿಯ ಉಷ್ಣಾಂಶ ಸುಮಾರು 37 ಡಿಗ್ರಿಯಿದ್ದ ದಿನ ಹಾಸಿನ ಮೇಲ್ಮೈ 93 ಡಿಗ್ರಿ ಮುಟ್ಟಿತ್ತು. ನೀರು ಹಾಯಿಸಿದಾಗ ತಣಿದ ಹಾಸು ಇಪ್ಪತ್ತೇ ನಿಮಿಷಗಳಲ್ಲಿ ಮತ್ತೆ ಕಾದಿತ್ತು. ಯಾದಗಿರಿ ಜಿಲ್ಲೆಯ ಯಾವುದೇ ಶಾಲೆಯ ಅಥವಾ ಅಂಗನವಾಡಿಯ ಅಂಗಳಕ್ಕೆ ಇದನ್ನು ಹಾಸಬೇಕೆನ್ನುವವರು, ಏಪ್ರಿಲ್ ತಿಂಗಳ ಮಧ್ಯಾಹ್ನ ಅದರ ಮೇಲೆ ಬರಿಗಾಲಲ್ಲಿ ನಿಲ್ಲುವ ಮಗುವನ್ನು ಮೊದಲು ನೆನೆಯಬೇಕು.

ಬಿಸಿಲು ತಿಂದ ಎಳೆ ಪುಡಿಯಾಗುತ್ತದೆ. ಮಾರುವವರೇ ಕೊಡುವ ಆಯುಷ್ಯ ಹತ್ತು ಹದಿನೈದು ವರ್ಷ. ಬಗೆಬಗೆಯ ಪ್ಲಾಸ್ಟಿಕ್ಕು, ಅಂಟು, ಮರಳು ಒಂದಾಗಿ ಬೆರೆತ ಆ ಚಾಪೆಯನ್ನು ಬಳಿಕ ಬೇರ್ಪಡಿಸಿ ಮರುಬಳಸುವ ವ್ಯವಸ್ಥೆ ಸಣ್ಣ ಪುರಸಭೆಗಳ ಕಸದ ಗಾಡಿಗೆ ಎಟುಕುವಂಥದಲ್ಲ. ಯುರೋಪಿನ ಒಕ್ಕೂಟ 2023ರಲ್ಲಿ ಉದ್ದೇಶಪೂರ್ವಕವಾಗಿ ಬೆರೆಸುವ ಸೂಕ್ಷ್ಮ ಪ್ಲಾಸ್ಟಿಕ್ಕಿನ ಮೇಲೆ ನಿರ್ಬಂಧ ತಂದಿತು. ಕೃತಕ ಮೈದಾನಗಳಿಗೆ ತುಂಬುವ ರಬ್ಬರ್ ಮತ್ತು ಪ್ಲಾಸ್ಟಿಕ್ ಹರಳುಗಳ ಮಾರಾಟಕ್ಕೆ 2031ರ ಅಕ್ಟೋಬರಿನಿಂದ ಅಲ್ಲಿ ಅವಕಾಶವಿಲ್ಲ. ಅದೇ 2023ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ, ಮನೆಯಂಗಳಗಳಲ್ಲಿ ಕೃತಕ ಹುಲ್ಲನ್ನು ನಿಷೇಧಿಸುವ ಅಧಿಕಾರವನ್ನು ಊರಾಡಳಿತಗಳಿಗೆ ಮರಳಿ ಕೊಟ್ಟಿತು. ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲಿ ಕೈಚೀಲ, ಫ್ಲೆಕ್ಸ್, ತಟ್ಟೆ, ಲೋಟಗಳ ಪ್ಲಾಸ್ಟಿಕ್ಕನ್ನು ನಿಷೇಧಿಸಿತು. ಆ ಪಟ್ಟಿಯಲ್ಲಿ ಹಸಿರು ಚಾಪೆಯಿಲ್ಲ. ಕಂಬಕ್ಕೆ ಕಟ್ಟಿದ ಪ್ಲಾಸ್ಟಿಕ್ಕು ಅಪರಾಧ, ನೆಲಕ್ಕೆ ಹಾಸಿದ ಪ್ಲಾಸ್ಟಿಕ್ಕು ಅಲಂಕಾರ.

ಎದುರು ಮಾತಿಗೆ ಉತ್ತರ

ಕೃತಕ ಹುಲ್ಲನ್ನು ಬಯಸುವವರೆಲ್ಲ ಮೂಢರಲ್ಲ. ಮಳೆಗಾಲದ ಎರೆಗೆಸರು ಕಾಲಿಗೆ ಅಂಟಿದರೆ ಹೆಜ್ಜೆಗೊಂದು ಸೇರು ಭಾರ. ಮುದುಕರು ಜಾರಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಕೆಸರು ಬಳಿದು ತೆಗೆಯುವ ದುಡಿಮೆ ಬಹುತೇಕ ಹೆಂಗಸರ ಪಾಲು. ಈ ಕಷ್ಟವನ್ನು ಹಗುರವಾಗಿ ಕಾಣುವ ಪರಿಸರವಾದ ಉಳ್ಳವರ ಹವ್ಯಾಸವಾಗುತ್ತದೆ. ದಿನವೂ ನೀರು ಬೇಡುವ ನಗರದ ಲಾನ್ ಕೂಡ ಕುಡಿಯುವ ನೀರಿಗೆ ಕೊಡ ಹಿಡಿದು ನಿಲ್ಲುವ ಸೀಮೆಗೆ ಸಲ್ಲದು. ಆಟದ ಅಂಕಣಗಳ ಮಾತೂ ಬೇರೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದ ಹಾಕಿ ಕೃತಕ ಹಾಸಿನ ಆಟವಾಯಿತು. ಅದರ ಮೇಲೆ ಆಡದೆ ಕೊಡಗಿನ ಮಕ್ಕಳು ದೇಶದ ತಂಡ ಸೇರಲಾರರು. ಆದರೆ ಅಂಥ ಅಂಕಣಕ್ಕೆ ಬಸಿಗೊಳವೆ, ಇಳಿಜಾರು, ತಜ್ಞರ ಉಸ್ತುವಾರಿ ಎಲ್ಲ ಇರುತ್ತವೆ. ಮನೆಯಂಗಳಕ್ಕೆ ಬರುವುದು ಅವುಗಳಲ್ಲಿ ಯಾವುದೂ ಅಲ್ಲ, ಬರಿಯ ಚಾಪೆ.

ಕೆಸರಿಗೆ ಉತ್ತರ ಆ ಸೀಮೆಯಲ್ಲಿಯೇ ಇದೆ. ಎರೆಯನ್ನು ಅಗೆಯದೆ ಅದರ ಮೇಲೆ ಮೂರು ನಾಲ್ಕು ಇಂಚು ಗರಸು ಹರಡಿ, ಹತ್ತು ಅಡಿಗೆ ಎರಡು ಇಂಚಿನಷ್ಟು ಇಳಿಜಾರು ಕೊಟ್ಟರೆ ಅಂಗಳ ಕಾಲಿಗಂಟುವುದು ಕಡಿಮೆಯಾಗುತ್ತದೆ. ಬೀದಿಯಿಂದ ಹೊಸ್ತಿಲವರೆಗೆ ಶಹಾಬಾದಿನ ಹಾಸುಗಲ್ಲುಗಳನ್ನು ಸಿಮೆಂಟಿಲ್ಲದೆ, ನಾಲ್ಕು ಬೆರಳು ಸಂದು ಬಿಟ್ಟು ಹಾಸಿದರೆ ಮುದುಕರ ಹೆಜ್ಜೆ ಜಾರುವುದಿಲ್ಲ. ಆ ಸಂದುಗಳಲ್ಲಿ ಕರಕಿ ತಾನಾಗಿ ಬೆಳೆಯುತ್ತದೆ. ಕಿತ್ತಷ್ಟೂ ಚಿಗುರುವುದಕ್ಕೆ ರೈತ ಶಪಿಸುವ, ಗಣಪನಿಗೆ ಏರಿಸುವ ಅದೇ ಗರಿಕೆ. ನೆರೆಯಲ್ಲಿ ಕೆಲದಿನ ಮುಳುಗಿದರೂ ಸಾಯದು. ಬೇಸಿಗೆಯಲ್ಲಿ ಒಣಗಿ ಕಂದಾಗಿ ಮೊದಲ ಮಳೆಗೆ ಏಳುತ್ತದೆ. ತನ್ನ ಬೇರುಗಳಿಂದ ಜೇಡಿಯೊಳಗೆ ನೀರಿಗೆ ದಾರಿ ಕೊರೆಯುತ್ತದೆ. ತಗ್ಗಿನ ಮೂಲೆಯಲ್ಲೊಂದು ಬೇವಿನ ಗಿಡ ನಿಂತರೆ ಅಂಗಳಕ್ಕೆ ನೆರಳು, ನೆಲಕ್ಕೆ ಬಸಿತ. ಇಕ್ರಿಸ್ಯಾಟಿನವರು ಎರೆಹೊಲಕ್ಕೆ ರೂಪಿಸಿದ ಅಗಲ ಮಡಿ ಮತ್ತು ಸಾಲಿನ ಪದ್ಧತಿಯ ತಿರುಳೂ ಇದೇ: ಬೆಳೆಗೆ ತುಸು ಎತ್ತರ, ಹೆಚ್ಚಿನ ನೀರಿಗೆ ಮೆಲ್ಲಗೆ ನಡೆಯುವ ಸಾಲು.

ಅಂಗಳವನ್ನು ಮನೆಯವರು ನೋಡಿಕೊಂಡಾರು. ಊರನ್ನು ನೋಡಬೇಕಾದದ್ದು ಪುರಸಭೆ. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವ ಮುನ್ನ ಅಲ್ಲಿನ ಹಳ್ಳದ ದಾರಿಯನ್ನು ಗುರುತಿಸಿ ಬಿಡಿಸಬೇಕು. ರಸ್ತೆ ಎತ್ತರಿಸುವಾಗ ತಗ್ಗಿನ ಕೇರಿಯ ಗಟಾರವನ್ನು ಮೊದಲು ಕಟ್ಟಬೇಕು, ಮುಂಗಾರಿಗೆ ಮುನ್ನ ಅದರ ಹೂಳು ತೆಗೆಸಬೇಕು. ಸಾರ್ವಜನಿಕ ಹಣದಲ್ಲಿ ಶಾಲೆ, ಉದ್ಯಾನ, ಕಚೇರಿಗಳ ಅಂಗಳಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸುವ ಯಾವ ಪ್ರಸ್ತಾವಕ್ಕೂ ಒಪ್ಪಿಗೆ ಕೊಡಬಾರದು. ರಾಜ್ಯ ಸರ್ಕಾರ 2016ರ ನಿಷೇಧದ ಪಟ್ಟಿಗೆ ಮನೆಯಂಗಳದ ಕೃತಕ ಹುಲ್ಲನ್ನೂ ಸೇರಿಸಬೇಕು.

ಮಲೆಸೀಮೆಯ ಪಾಲು

ಮಲೆಯ ಓದುಗರಿಗೆ ಕೆಂಭಾವಿ ದೂರದ ಊರೆನಿಸಬಹುದು. ಆ ಸೀಮೆಯ ಕಾಲುವೆಗಳಲ್ಲಿ ಹರಿಯುವ ಕೃಷ್ಣೆ ಸಹ್ಯಾದ್ರಿಯ ಮಹಾಬಳೇಶ್ವರದಲ್ಲಿ ಹುಟ್ಟಿದವಳು. ಬೆಟ್ಟ ಮತ್ತು ಬಯಲು ಒಂದೇ ನೀರಿನ ಎರಡು ತುದಿ. ಇನ್ನೊಂದು ನಂಟೂ ಇದೆ, ಅದು ಹೆಮ್ಮೆಪಡುವಂಥದಲ್ಲ. ಹಸಿರೆಂದರೆ ವರ್ಷವಿಡೀ ಮಾಸದ ಮಲೆಯ ಹಸಿರೇ ಎಂಬ ಭಾವನೆಯನ್ನು ಬಯಲಿಗೆ ಹಂಚಿದ್ದರಲ್ಲಿ ಮಲೆನಾಡಿನ ಪ್ರವಾಸೋದ್ಯಮದ ಪಾಲಿದೆ. ಹಸಿರನ್ನೇ ಬಾವುಟ ಮಾಡಿಕೊಂಡ ಪರಿಸರ ಚಳವಳಿಯ ಪಾಲೂ ಇದೆ. ಬೇಸಿಗೆಯಲ್ಲಿ ಕಂದಾಗುವುದು ಎರೆಸೀಮೆಯ ಬಡತನ ಎಂದು ಹೇಳಿಕೊಟ್ಟ ಮೇಲೆ, ಆ ಬಡತನವನ್ನು ಮುಚ್ಚಲು ಬಣ್ಣದ ಚಾಪೆ ಮಾರುವವನು ಬಂದೇ ಬರುತ್ತಾನೆ. ಬೆಟ್ಟಗಳಲ್ಲಿ ಸಹಜ ಹುಲ್ಲುಗಾವಲು ಉಳಿಯಲಿ ಎಂದು ಹೋರಾಡುವವರು ಬಯಲಿನ ಬೋಳು ನೆಲಕ್ಕೂ ಅದೇ ಗೌರವ ಕೊಡಬೇಕು.

ಮೇ ತಿಂಗಳಲ್ಲಿ ಕೆಂಭಾವಿಯ ಅಂಗಳ ಕಪ್ಪಾಗಿ, ಬಿರಿದು, ಹುಲ್ಲಿಲ್ಲದೆ ಇರುತ್ತದೆ. ಹೆಸರಿನಲ್ಲಿಯೇ ಬಾವಿಯನ್ನು ಇಟ್ಟುಕೊಂಡ ಆ ಊರಿನ ಬಾವಿಗಳಿಗೂ ಹೊಲಗಳಿಗೂ ನೀರು ಇಳಿಯುವುದು ಅಂಥ ನೆಲದಿಂದಲೇ. ಮೃಗಶಿರೆಯ ಮೊದಲ ಮಳೆ ಬರುವವರೆಗೆ ಅದರ ಬಾಯಿ ತೆರೆದೇ ಇರಲಿ.